ಬಾದಾಮಿಯನ್ನು ಎರಡು ಗಂಟೆಯಲ್ಲಿ ಮುಗಿಸಬೇಡಿ

ಆತ್ಮೀಯರೇ,

ಉತ್ತರ ಕರ್ನಾಟಕದ ಪ್ರವಾಸ ಅಂದರೆ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನಕ್ಕೆ ತುರುಕುವುದು ರೂಢಿಯಾಗಿಬಿಟ್ಟಿದೆ. ಬೆಳಿಗ್ಗೆ ಗಾಡಿ ಇಳಿದು, ನಾಲ್ಕು ಗುಹೆ ಹತ್ತಿಳಿದು, ಊಟಕ್ಕೆ ಮೊದಲೇ ಪಟ್ಟದಕಲ್ಲಿನ ದಾರಿ ಹಿಡಿಯುತ್ತಾರೆ. ಹಾಗೆ ಹೋದವರು ಕಂಡದ್ದು ದಕ್ಷಿಣದ ಗುಡ್ಡವನ್ನು ಮಾತ್ರ. ಬಾದಾಮಿಗೆ ಒಂದು ಪೂರ್ತಿ ಹಗಲು ಕೊಡಿ, ರಾತ್ರಿ ಅಲ್ಲೇ ತಂಗಿ. ಇವತ್ತು ಆ ಹಗಲನ್ನು ಹೇಗೆ ಬಳಸಬೇಕು ಎಂದು ಹೇಳುತ್ತೇನೆ.

ಮೊದಲು ಊರಿನ ಅಂದಾಜು ಮನಸ್ಸಿಗೆ ಬರಲಿ. ನಡುವೆ ಅಗಸ್ತ್ಯತೀರ್ಥವೆಂಬ ಕೆರೆ. ಪಶ್ಚಿಮಕ್ಕೆ ಊರು, ದಕ್ಷಿಣಕ್ಕೆ ಗುಹೆಗಳ ಗುಡ್ಡ, ಉತ್ತರಕ್ಕೆ ಕೋಟೆಯ ಗುಡ್ಡ, ಪೂರ್ವದ ತುದಿಯಲ್ಲಿ ನೀರಿಗೆ ಆತುಕೊಂಡ ಭೂತನಾಥ ದೇವಾಲಯ. ಇಷ್ಟು ತಿಳಿದರೆ ಬಿಸಿಲಿನ ಲೆಕ್ಕ ತಾನೇ ಸಿಗುತ್ತದೆ. ಕೋಟೆಗೆ ನೆರಳಿಲ್ಲ, ಅದು ಬೆಳಗಿನ ಕೆಲಸ. ಗುಹೆಗಳೊಳಗೆ ಬಿಸಿಲು ಕಾಡುವುದಿಲ್ಲ, ಅವು ಮಧ್ಯಾಹ್ನಕ್ಕಿರಲಿ. ಭೂತನಾಥನ ಮೇಲೆ ಪಡುವಣ ಬಿಸಿಲು ಬೀಳುವುದು ಸಂಜೆ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡಿ, ತಂಪು ಹೊತ್ತನ್ನು ಗುಹೆಗಳಲ್ಲಿ ಕಳೆದು, ನಡುಹಗಲಲ್ಲಿ ಕೋಟೆ ಹತ್ತಲು ಹೋಗಿ ಅರ್ಧಕ್ಕೇ ಹಿಂದಿರುಗುತ್ತಾರೆ. ಮರಳುಗಲ್ಲು ಕಾದ ಮೇಲೆ ಕೆಳಗಿನಿಂದಲೂ ಝಳ ಹೊಡೆಯುತ್ತದೆ. ಮಾರ್ಚ್‌ನಿಂದ ಮೇವರೆಗೆ ಹನ್ನೊಂದರ ನಂತರ ಹತ್ತುವುದು ಬೇಡವೇ ಬೇಡ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆ ಜೋರಾದಾಗ ಬಂಡೆಯ ಮೇಲಿಂದ ಅಕ್ಕ-ತಂಗಿ ಜಲಪಾತ ಧುಮುಕುವುದನ್ನು ನೋಡಬಹುದು, ಆದರೆ ಆಗ ಮೆಟ್ಟಿಲು ಜಾರುತ್ತವೆ.

ಕೋಟೆಯ ದಾರಿ ಕೆರೆಯ ಉತ್ತರ ದಂಡೆಯಲ್ಲಿರುವ ವಸ್ತುಸಂಗ್ರಹಾಲಯದ ಪಕ್ಕದಿಂದ ಹೊರಡುತ್ತದೆ. ಎರಡು ಕೆಂಪು ಬಂಡೆಗಳ ಸೀಳಿನೊಳಗೆ ನುಗ್ಗುವ ಈ ದಾರಿಯೇ ಒಂದು ನೋಟ. ಮೆಟ್ಟಿಲುಗಳು ಸಮನಾಗಿಲ್ಲ, ಕೆಲವು ಬಹಳ ಎತ್ತರ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮೇಲೆ ಅಂಗಡಿ ಇಲ್ಲ. ತಲೆಗೊಂದು ಲೀಟರ್ ನೀರು ಇರಲಿ, ಹೋಗಿಬರಲು ಎರಡು ಗಂಟೆ ಇಟ್ಟುಕೊಳ್ಳಿ. ದಾರಿಯಲ್ಲಿ ಕೆಳಗಿನ ಶಿವಾಲಯ, ಕಾವಲು ಬುರುಜು, ದುಂಡನೆಯ ಕಣಜಗಳು ಸಿಗುತ್ತವೆ. ತುದಿಯಲ್ಲಿ ಮೇಲಿನ ಶಿವಾಲಯ. ಹೆಸರು ಶಿವಾಲಯವಾದರೂ ಗೋಡೆಯಲ್ಲಿ ಗೋವರ್ಧನ ಎತ್ತಿದ ಕೃಷ್ಣನಿದ್ದಾನೆ. ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ ನೋಡಿ. ಈ ಗುಡ್ಡದ ಬಂಡೆಯೊಂದರ ಮೇಲೇ ಚಾಲುಕ್ಯ ದೊರೆ ಒಂದನೆಯ ಪುಲಕೇಶಿಯ ಶಕ 465ರ, ಎಂದರೆ ಕ್ರಿ.ಶ. 543ರ ಶಾಸನವಿದೆ. ಅವನು ಇಲ್ಲಿ ಕೋಟೆ ಕಟ್ಟಿದ್ದನ್ನು ಹೇಳುವ ಶಾಸನ ಅದು. ಚಾಲುಕ್ಯರ ರಾಜಧಾನಿಯ ಕಥೆ ಶುರುವಾಗುವುದು ಗುಹೆಗಳಿಂದಲ್ಲ, ಈ ಗುಡ್ಡದಿಂದ.

ಇಲ್ಲಿ ಒಂದು ಗುಡಿ ಸುಲಭವಾಗಿ ತಪ್ಪಿಹೋಗುತ್ತದೆ: ಮಾಲೆಗಿತ್ತಿ ಶಿವಾಲಯ. ಏಳನೆಯ ಶತಮಾನದ ಈ ಗುಡಿ ಬೇರೆಯೇ ಒಂದು ಬಂಡೆಯ ನೆತ್ತಿಯ ಮೇಲಿದೆ, ಅದಕ್ಕೆ ದಾರಿಯೂ ಬೇರೆ. ಕೋಟೆ ಹತ್ತಿದರೆ ಅದೂ ಸಿಗುತ್ತದೆಂದುಕೊಂಡು ಜನ ಕಳೆದುಕೊಳ್ಳುತ್ತಾರೆ. ಊರಲ್ಲಿ ಹೆಸರು ಹೇಳಿ ಕೇಳಿ. ಬಾದಾಮಿಯಲ್ಲಿ ಅಷ್ಟು ಇಡಿಯಾಗಿ ಉಳಿದ ಕಟ್ಟಡ ಇನ್ನೊಂದಿಲ್ಲ.

ಕೋಟೆ ಇಳಿದೊಡನೆ ವಸ್ತುಸಂಗ್ರಹಾಲಯ ಹೊಕ್ಕರೆ ದಣಿವೂ ಆರುತ್ತದೆ. ಶುಕ್ರವಾರ ಅದು ಮುಚ್ಚಿರುತ್ತದೆ, ದಿನ ನೋಡಿಕೊಂಡು ಹೊರಡಿ. ನಾಗನಾಥಕೊಳ್ಳದಿಂದ ತಂದ, ಸಂತಾನದ ದೇವತೆ ಲಜ್ಜಾಗೌರಿಯ ಶಿಲ್ಪಕ್ಕಾಗಿಯಾದರೂ ಹೋಗಲೇಬೇಕು.

ಊಟ ಮುಗಿಸಿ ಗುಹೆಗಳಿಗೆ ಬನ್ನಿ. ಕೋತಿಗಳ ಬಗ್ಗೆ ಎಚ್ಚರ: ಅವು ನೋಡುವುದು ನಿಮ್ಮನ್ನಲ್ಲ, ಕೈಯಲ್ಲಿರುವ ಪ್ಲಾಸ್ಟಿಕ್ ಚೀಲವನ್ನು. ತಿನಿಸು, ಬಾಟಲಿ ಎಲ್ಲ ಜಿಪ್ ಹಾಕಿದ ಚೀಲದೊಳಗಿರಲಿ; ಕಿತ್ತುಕೊಂಡರೆ ಎಳೆದಾಡಬೇಡಿ. ಒಂದು ಸಣ್ಣ ಟಾರ್ಚ್ ಜೊತೆಗಿರಲಿ, ಒಳಗೋಡೆಗಳು ಕತ್ತಲಲ್ಲಿವೆ. ಮೊದಲ ಗುಹೆಯ ಹೊರಗೇ ಹದಿನೆಂಟು ಕೈಗಳ ನಟರಾಜ. ಒಂದೊಂದು ಜೋಡಿ ಕೈಯನ್ನು ಬೇರೆಯಾಗಿ ನೋಡುತ್ತ ಹೋಗಿ, ಕುಣಿತ ಆಗ ಕಾಣುತ್ತದೆ. ಎರಡನೆಯದರಲ್ಲಿ ತ್ರಿವಿಕ್ರಮ, ವರಾಹ. ಅದರ ಚಾವಣಿಯ ಮೀನುಗಳ ಚಕ್ರ ನೋಡಲು ತಲೆ ಎತ್ತಬೇಕು.

ಹೆಚ್ಚು ಹೊತ್ತು ಮೂರನೆಯ ಗುಹೆಗೆ ಮೀಸಲಿಡಿ. ಎಲ್ಲಕ್ಕಿಂತ ದೊಡ್ಡದು, ಕಾಲ ಖಚಿತವಾಗಿ ಗೊತ್ತಿರುವುದು ಇದೊಂದೇ: ಶಕ 500ರ ಕಾರ್ತಿಕ ಹುಣ್ಣಿಮೆ, ಕ್ರಿ.ಶ. 578. ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಮಂಗಲೇಶ ಮಾಡಿಸಿದ್ದು. ಅನಂತನ ಸುರುಳಿಯ ಮೇಲೆ ಕೂತ ವಿಷ್ಣು, ನಿಂತ ನರಸಿಂಹ, ಹರಿಹರ ಎಲ್ಲವೂ ಆಳೆತ್ತರ ಮೀರಿದವು. ಕಂಬಗಳ ಮೇಲಿನ ದಂಪತಿಗಳನ್ನು, ಸೂರಿನ ಒಳಭಾಗದಲ್ಲಿ ಉಳಿದ ಬಣ್ಣದ ಚಿತ್ರಗಳ ಗುರುತನ್ನು ಅವಸರದವರು ಬಿಟ್ಟೇಬಿಡುತ್ತಾರೆ. ಆ ಗೋಡೆಗಳನ್ನು ದಯವಿಟ್ಟು ಮುಟ್ಟಬೇಡಿ. ಬೆವರಿದ ಕೈಯ ಜಿಡ್ಡು ಮೆತ್ತನೆಯ ಮರಳುಗಲ್ಲಿಗೆ ಇಳಿದರೆ ಕಪ್ಪಾಗಿ ನಿಲ್ಲುತ್ತದೆ. ನಾಲ್ಕನೆಯದು ಜೈನರದು, ಚಿಕ್ಕದು: ಬಾಹುಬಲಿ, ಪಾರ್ಶ್ವನಾಥ.

ನಾಲ್ಕೂವರೆಗೆ ಇಳಿದು, ಕೆರೆಯನ್ನು ಬಳಸಿಕೊಂಡು ಭೂತನಾಥಕ್ಕೆ ನಡೆಯಿರಿ. ಗುಡಿ ನೋಡಿ ಅಲ್ಲಿಗೇ ನಿಲ್ಲಬೇಡಿ. ಹಿಂದಿನ ಬಂಡೆಗಳಲ್ಲಿ ಅನಂತಶಯನನೂ ಇತರ ದೇವತೆಗಳೂ ಇದ್ದಾರೆ. ಕೆರೆಯ ಈಶಾನ್ಯಕ್ಕೆ, ತಟ್ಟುಕೋಟಿಯ ಕಡೆಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನ. ಸುಮಾರು ಕ್ರಿ.ಶ. 700ರ ಈ ಹತ್ತು ಸಾಲುಗಳಲ್ಲಿ ಕನ್ನಡದ ತ್ರಿಪದಿ ಇದೆ: ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’. ಕನ್ನಡ ಓದುವವರು ಬಾದಾಮಿಯವರೆಗೆ ಹೋಗಿ ಇದನ್ನು ನೋಡದೆ ಬರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಬಂಡೆ ಎತ್ತರದಲ್ಲಿದೆ, ಬೆಳಕಿರುವಾಗಲೇ ಸ್ಥಳೀಯರನ್ನು ಕೇಳಿಕೊಂಡು ಹೋಗಿ.

ಗುಹೆಗಳಿಗೆ ಮೊದಲಿನ ಮಧ್ಯಾಹ್ನದ ಊಟಕ್ಕೆ ಐದು ಕಿಲೋಮೀಟರ್ ದೂರದ ಬನಶಂಕರಿಗೆ ಹೋಗಿ. ಗುಡಿಯ ಬಳಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಮನೆಯಿಂದ ತಂದ ಜೋಳದ ರೊಟ್ಟಿ, ಝುಣಕ, ಪುಂಡಿಪಲ್ಲೆ, ಶೇಂಗಾ ಚಟ್ನಿ, ಗಟ್ಟಿ ಮೊಸರು ಮಾರುತ್ತಾರೆ. ಮಧ್ಯಾಹ್ನದೊಳಗೇ ಹೋಗಿ, ಬುಟ್ಟಿ ಬರಿದಾದರೆ ಮತ್ತೆ ಇರುವುದಿಲ್ಲ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಜಾತ್ರೆ. ನಾಟಕ ಕಂಪನಿಗಳು ಡೇರೆ ಹಾಕುತ್ತವೆ, ರಾತ್ರಿಯೆಲ್ಲ ಆಟ. ಆಗ ಕೋಣೆ ಸಿಗುವುದು ಕಷ್ಟ, ಮೊದಲೇ ಕಾಯ್ದಿರಿಸಿ.

ಪಟ್ಟದಕಲ್ಲು 22 ಕಿಲೋಮೀಟರ್. ವಿರೂಪಾಕ್ಷ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಮರುದಿನ ಬೆಳಿಗ್ಗೆಯೇ ಹೋಗಿ. ರೈಲಿನಲ್ಲಿ ಬರುವವರು ನೆನಪಿಡಿ: ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರ್ ಆಚೆಗಿದೆ. ಆಟೊ ಹತ್ತುವ ಮೊದಲೇ ಬಾಡಿಗೆ ಮಾತಾಡಿ. ಬೆಳಗಿನ ಜಾವದ ಗಾಡಿಯಾದರೆ ಹಿಂದಿನ ರಾತ್ರಿಯೇ ಆಟೊದವರಿಗೆ ಹೇಳಿಡಿ.