ಒಂದೇ ತಾಯಿ ಗಿಡ, ಮೂವತ್ತು ಥರ ಮಕ್ಕಳು

ಎಲ್ರಿಗೂ ನಮಸ್ಕಾರ. ಹೋದ ವಾರ ಹೂ ಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಮಳೆ ಬಿತ್ತಲ್ಲ, ಇವತ್ತು ಬೆಳಿಗ್ಗೆ ಎದ್ದು ಬಾಗಿಲು ತೆಗೆದ್ರೆ ತೋಟ ಪೂರ್ತಿ ಬೆಳ್ಳಗೆ, ಘಮ ಅಂದ್ರೆ ಮಲ್ಲಿಗೆ ಮಾರ್ಕೆಟ್‌ಗೆ ಹೋದಂಗೆ, ಜೇನು ಬೇರೆ ಗುಂಯ್ ಅಂತಿದೆ, ಆಡಿಯೋಲಿ ಕೇಳಿಸ್ತಿದ್ರೆ ಅದು ಮೈಕ್ ಪ್ರಾಬ್ಲಮ್ ಅಲ್ಲ.

ಇಲ್ಲಿ ನೋಡಿ, ಕೆರೆ ಪಕ್ಕದ ಈ ರೋಬಸ್ಟಾ ಗಿಡ. ರೋಬಸ್ಟಾ, ಅರೇಬಿಕಾ ಅನ್ನೋದು ಕಾಫಿಯ ಎರಡು ಜಾತಿ. ಪ್ರತಿ ವರ್ಷ ಕಾಯಿ ಭಾರಕ್ಕೆ ರೆಂಬೆ ಬಾಗುತ್ತೆ. ಆರು ವರ್ಷ ಹಿಂದೆ ನಾನು ಭಾರಿ ಬುದ್ಧಿವಂತ ಅಂದ್ಕೊಂಡು ಇದರದ್ದೇ ಹಣ್ಣು ಆರಿಸಿ, ಬೀಜ ಮಾಡಿ, ಕವರಲ್ಲಿ ಸಸಿ ಎಬ್ಬಿಸಿ ಮೂವತ್ತು ಗಿಡ ನೆಟ್ಟೆ. ಈಗ ಆ ಸಾಲು ನೋಡಿದ್ರೆ ನಗು ಬರುತ್ತೆ, ಒಂದು ಎತ್ತರ ಒಂದು ಕುಳ್ಳ, ಒಂದರ ಎಲೆ ಅಗಲ, ಇನ್ನೊಂದು ಬರೀ ಸೊಪ್ಪು, ಕಾಯೇ ಇಲ್ಲ. ದೊಡ್ಡಪ್ಪ ಕೇಳಿದ್ರು, "ಅಲ್ಲ ಮಾರಾಯ, ಮೇಲಿನ ಬ್ಲಾಕಿನ ಅರೇಬಿಕಾ ಬೀಜ ಹಾಕಿದ್ರೆ ಎಲ್ಲಾ ಒಂದೇ ಥರ ಬರ್ತದೆ, ಇದು ಮಾತ್ರ ಯಾಕೆ ಹಿಂಗೆ?" ನನ್ನ ಹತ್ರ ಉತ್ತರ ಇರ್ಲಿಲ್ಲ, ಓದ್ತಾ ಹೋದ್ರೆ ಸೀದಾ ಜೀನ್ ಹತ್ರ ಬಂದು ನಿಂತೆ.

ವಿಷ್ಯ ಏನಂದ್ರೆ, ಗಿಡದ ಒಂದೊಂದು ಜೀವಕೋಶದಲ್ಲೂ ಡಿಎನ್ಎ ಅನ್ನೋ ಉದ್ದ ದಾರ ಇರುತ್ತೆ, ಅದರಲ್ಲಿ ಎ, ಟಿ, ಜಿ, ಸಿ ಅಂತ ನಾಲ್ಕೇ ಅಕ್ಷರ. ಆ ದಾರ ತುಂಡು ತುಂಡಾಗಿ ಸುತ್ಕೊಂಡಿರೋದೇ ಕ್ರೋಮೋಸೋಮ್. ರೋಬಸ್ಟಾಗೆ 22, ಅಂದ್ರೆ 11 ಜೋಡಿ. ನಮಗೆ 46. ಅರೇಬಿಕಾಗೆ 44, ಯಾಕಂದ್ರೆ ಅದು ಹುಟ್ಟಿದ್ದೇ ರೋಬಸ್ಟಾ ಮತ್ತೆ ಯುಜೀನಿಯಾಯ್ಡಿಸ್ ಅನ್ನೋ ಆಫ್ರಿಕಾದ ಇನ್ನೊಂದು ಕಾಫಿ ಸೇರಿ, ಇಬ್ಬರದ್ದೂ ಪೂರ್ತಿ ಸೆಟ್ ಅದರೊಳಗೆ ಕೂತಿದೆ. ಅರೇಬಿಕಾ ಬಿಟ್ರೆ ಬೇರೆ ಮುಟ್ಟಲ್ಲ ಅನ್ನೋ ನಮ್ಮ ನೆಂಟರಿಗೆ ಇದನ್ನ ಹೇಳ್ಬೇಕು.

ಈ ಅಕ್ಷರಗಳ ಒಟ್ಟು ಬರಹಕ್ಕೆ ಜೀನೋಮ್ ಅಂತಾರೆ, ಅದರೊಳಗೆ ಒಂದು ಕೆಲಸಕ್ಕೆ ಅಂತ ಇರೋ ಭಾಗ ಜೀನ್. 2014ರಲ್ಲಿ ರೋಬಸ್ಟಾ ಜೀನೋಮ್ ಓದಿದಾಗ ಸುಮಾರು 25,500 ಜೀನ್ ಸಿಕ್ತು. ಮನುಷ್ಯನಿಗೆ ಪ್ರೋಟೀನ್ ಮಾಡೋ ಜೀನ್ ಇರೋದು 20,000 ಹತ್ರ ಹತ್ರ ಅಷ್ಟೇ! ಆದ್ರೆ ಅಕ್ಷರ ಎಣಿಸಿದ್ರೆ ನಮ್ಮದು 300 ಕೋಟಿ, ಕಾಫಿದು 71 ಕೋಟಿ. ಹಂಗಾದ್ರೆ ನಮ್ಮ ಉಳಿದ ಜಾಗದಲ್ಲಿ ಏನಿದೆ ಅಂದ್ರೆ, ಪ್ರೋಟೀನಿನ ಬರಹ 100ಕ್ಕೆ ಒಂದೂವರೆ ಎರಡು ಭಾಗ ಮಾತ್ರ, ಇನ್ನು ಸ್ವಲ್ಪ ಜೀನ್ ಆನ್ ಆಫ್ ಮಾಡೋ ಸ್ವಿಚ್ಚುಗಳು, ಹಳೇ ವೈರಸ್‌ಗಳ ಅವಶೇಷ, ಮತ್ತೆ ತನ್ನದೇ ಕಾಪಿ ಮಾಡ್ಕೊಂಡು ಜಾಗ ಬದಲಾಯಿಸೋ ತುಂಡುಗಳು. ಈ ಜಿಗಿಯೋ ತುಂಡುಗಳನ್ನ ಬಾರ್ಬರಾ ಮೆಕ್ಲಿಂಟಾಕ್ ಅನ್ನೋ ವಿಜ್ಞಾನಿ ಮುಸುಕಿನ ಜೋಳದ ಕಾಳಿನ ಬಣ್ಣ ನೋಡಿ ನೋಡಿನೇ 1940ರ ದಶಕದಲ್ಲಿ ಹಿಡಿದ್ರು, ನೊಬೆಲ್ ಬಂದಿದ್ದು 1983ಕ್ಕೆ. ಕಾಫಿ ಜೀನೋಮಲ್ಲೂ ಅರ್ಧದಷ್ಟು ಇವೇ.

ಈಗ ದೊಡ್ಡಪ್ಪನ ಪ್ರಶ್ನೆಗೆ ಬರೋಣ. ರೋಬಸ್ಟಾ ಹೂವಿಗೆ ಅದರದ್ದೇ ಗಿಡದ ಪರಾಗ ಆಗಲ್ಲ, ಗಾಳಿನೋ ಜೇನೋ ಬೇರೆ ಗಿಡದಿಂದ ತರಬೇಕು. ಅಂದ್ರೆ ನಾನು ಆರಿಸಿದ ಬೀಜಕ್ಕೆ ಅಮ್ಮ ಗೊತ್ತು, ಅಪ್ಪ ಯಾರೋ ಗೊತ್ತಿಲ್ಲ. ಅಮ್ಮನ ಕಡೆದೂ ಪೂರ್ತಿ ಬರಲ್ಲ, ಪ್ರತಿ ಕ್ರೋಮೋಸೋಮ್ ಜೋಡಿಯಿಂದ ಒಂದೊಂದು ಮಾತ್ರ, ಯಾವುದು ಅನ್ನೋದು ಚೀಟಿ ಎತ್ತಿದಂಗೆ. 11 ಜೋಡಿಗೆ ಲೆಕ್ಕ ಹಾಕಿದ್ರೆ 2,048 ಥರ, ಅದೂ ಅಮ್ಮನ ಕಡೆಯಿಂದ ಮಾತ್ರ, ಒಂದೇ ಜೋಡಿಯ ಎರಡರ ಮಧ್ಯೆ ತುಂಡು ಅದಲು ಬದಲಾಗೋದು ಇದ್ರಲ್ಲಿ ಸೇರಿಲ್ಲ. ಮೂವತ್ತು ಸಸಿ ಮೂವತ್ತು ಥರ ಆಗದೆ ಇನ್ನೇನಾಗುತ್ತೆ? ಅರೇಬಿಕಾ ಹೆಚ್ಚಾಗಿ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ, ತಲೆಮಾರು ಕಳೆದಂಗೆ ಎರಡೂ ಕಡೆ ಕಾಪಿ ಒಂದೇ ಆಗ್ತಾ ಬರುತ್ತೆ, ಅದಕ್ಕೇ ಆ ಸಾಲು ಯೂನಿಫಾರ್ಮ್ ಹಾಕ್ಕೊಂಡು ನಿಂತಂಗೆ ಕಾಣೋದು.

ಹಾಗಾಗಿ ಈ ಗಿಡನೇ ಬೇಕು ಅಂದ್ರೆ ಬೀಜ ಬಿಟ್ಟು ಕಡ್ಡಿ ತಗೊಂಡು ಕಸಿ ಮಾಡ್ಬೇಕು, ಆಗ ಅದೇ ಜೀನೋಮ್ ಹಂಗೇ ಬರುತ್ತೆ. ನಾನು ಕತ್ತರಿ ಹಿಡಿದು ಕೈಗೆ ಸಿಕ್ಕ ಅಡ್ಡ ರೆಂಬೆಗೆ ಹೋದೆ, ದೊಡ್ಡಪ್ಪ "ಏಯ್ ಅದಲ್ಲ, ನೆಟ್ಟಗೆ ಎದ್ದಿರೋ ಚಿಗುರು ತೆಗಿ, ಅಡ್ಡ ಕಡ್ಡಿ ಅಡ್ಡಡ್ಡನೇ ಬೆಳೀತದೆ" ಅಂದ್ರು. ನಿಜ ಅದು. ಎರಡರಲ್ಲೂ ಅಕ್ಷರ ಒಂದೇ, ಯಾವ ಜೀನ್ ಎಚ್ಚರ ಇದೆ ಯಾವುದು ಮಲಗಿದೆ ಅನ್ನೋದು ಬೇರೆ, ಕತ್ತರಿಸಿದ ಮೇಲೂ ಕಡ್ಡಿ ಅದನ್ನ ಮರೆಯಲ್ಲ. "ಇದು ನಿಮಗೆ ಹೇಗೆ ಗೊತ್ತು ದೊಡ್ಡಪ್ಪ?" ಅಂದ್ರೆ, "ನಿಮ್ಮಜ್ಜ ಬೈದಿದ್ರು" ಅಂತ ಹೇಳಿ ಗಿಡಕ್ಕೆ ಬಿಳಿ ಪೇಂಟಲ್ಲಿ ಗುರುತು ಹಾಕಿ ಹೋದ್ರು.