ಒಚಿಹೆರೆರೊ: ಪದದ ತಲೆ ಹಿಡಿದು ಕಲಿಯೋ ನುಡಿ

ಆಫ್ರಿಕಾದ ನಮೀಬಿಯಾದ ನಕ್ಷೆಯಲ್ಲಿ ಈ ಪ್ರಾಂತ್ಯ ನೋಡಿ, ಒಚೊಝೊಂಜುಪ. ಒಂಜುಪ ಅಂದ್ರೆ ಹಾಲು ಹುಳಿಬರಿಸೋ ಸೋರೆಬುರುಡೆ. ಒಝೊಂಜುಪ ಅಂದ್ರೆ ಬುರುಡೆಗಳು. ಅದರ ಮುಂದೆ ಒಚಿ ಕೂಡಿ ಬುರುಡೆಗಳ ಜಾಗ ಆಯ್ತು. ಹೆರೆರೊ ಜನರ ನುಡಿ ಒಚಿಹೆರೆರೊ ನಡೆಯೋದೇ ಹೀಗೆ.

ಕನ್ನಡದಲ್ಲಿ ಬಹುವಚನ ಪದದ ಬಾಲಕ್ಕೆ ಅಂಟುತ್ತೆ, ಇಲ್ಲಿ ತಲೆಯೇ ಬದಲಾಗುತ್ತೆ. ಒಮುಂದು ಒಬ್ಬ ಮನುಷ್ಯ, ಒವಂದು ಜನ. ಒಂಗೊಂಬೆ ಒಂದು ದನ, ಒಝೊಂಗೊಂಬೆ ಹಲವು. ಹಾಗೇ ಒಮುಹೆರೆರೊ ವ್ಯಕ್ತಿ, ಒವಹೆರೆರೊ ಜನಾಂಗ, ಒಚಿಹೆರೆರೊ ಭಾಷೆ. ನಾವು ಎಡವೋದು ಗುಣವಾಚಕದಲ್ಲಿ. ನಮ್ಮ 'ದೊಡ್ಡ' ಎಲ್ಲಿಟ್ಟರೂ ದೊಡ್ಡದೇ. ಅವರಲ್ಲಿ ದೊಡ್ಡ ಮನುಷ್ಯ ಒಮುಂದು ಒಮುನೆನೆ, ದೊಡ್ಡ ಕುರ್ಚಿ ಒಚಿಹವೆರೊ ಒಚಿನೆನೆ. ಅದಕ್ಕೇ ಹೊಸ ಪದ ಬರ್ಕೊಳ್ಳುವಾಗ ಏಕವಚನ, ಬಹುವಚನ ಎರಡನ್ನೂ ಜೋಡಿಯಾಗಿ ಬರ್ಕೊಳ್ಳಿ. ಒಂದನ್ನೇ ಬರೆದ್ರೆ ಮುಂದಿನ ವಾಕ್ಯದಲ್ಲೇ ಸಿಕ್ಕಿಹಾಕ್ಕೋತೀರಿ.

ಇನ್ನು ಉಚ್ಚಾರಣೆ. ನಾನು ಇಲ್ಲಿ 'ಝ' ಅಂತ ಬರೆದಿರೋದು ನಿಜವಾಗಿ ಝ ಅಲ್ಲ. ನಾಲಿಗೆ ತುದಿ ಹಲ್ಲುಗಳ ನಡುವೆ ಇಟ್ಟು ಉಸಿರು ಬಿಡಬೇಕು, ಇಂಗ್ಲಿಷಿನ 'ದಿಸ್' ಪದದ ಮೊದಲ ಸದ್ದಿನ ಹಾಗೆ. ಉಸಿರು ತಡೆದ್ರೆ ನಮ್ಮ 'ದ' ಆಗಿಬಿಡುತ್ತೆ. 'ಸ' ಅಕ್ಷರಕ್ಕೂ ಹಲ್ಲಿನ ನಡುವಿನ ಸದ್ದೇ. 'ತ'ದಲ್ಲಿ ಎರಡು ಬಗೆ: ಹಲ್ಲಿಗೆ ತಾಗೋದು, ಒಸಡಿಗೆ ತಾಗೋದು. ಮೊದಲನೆಯದಕ್ಕೆ ಬರಹದಲ್ಲಿ ಕೆಳಗೊಂದು ಗುರುತು ಹಾಕ್ತಾರೆ. ತ, ಟ ಬೇರೆಯಾಗಿ ಕೇಳಿ ಬೆಳೆದ ಕನ್ನಡದ ಕಿವಿಗೆ ಇದು ಬೇಗ ಹತ್ತುತ್ತೆ. 'ಲ' ಅಂತೂ ಅವರ ಸ್ವಂತ ಪದಗಳಲ್ಲಿ ಇಲ್ಲವೇ ಇಲ್ಲ.

ಇದೇ ಒಚೊಝೊಂಜುಪ ಪ್ರಾಂತ್ಯದ ವಾಟರ್‌ಬರ್ಗ್ ಬೆಟ್ಟದ ಹತ್ತಿರ 1904ರ ಆಗಸ್ಟ್‌ನಲ್ಲಿ, ಆಗ ಈ ನಾಡನ್ನ ಆಳ್ತಿದ್ದ ಜರ್ಮನ್ನರ ಸೇನೆ ಹೆರೆರೊಗಳ ಮೇಲೆರಗಿತು. ತಪ್ಪಿಸಿಕೊಂಡವರನ್ನ ಒಮಹೆಕೆಯ ಮರಳಿಗೆ ಅಟ್ಟಿ, ನೀರಿನ ಹೊಂಡಗಳಿಗೆ ಹೋಗದ ಹಾಗೆ ತಡೆದರು. ಅಕ್ಟೋಬರ್ 2ರಂದು ಆ ಸೇನೆಯ ದಂಡನಾಯಕ ಲೋಥರ್ ಫಾನ್ ಟ್ರೋಥಾ ನಿರ್ನಾಮದ ಆದೇಶವನ್ನೇ ಹೊರಡಿಸಿದ. ಹಸುಗೂಸುಗಳೂ ನೀರಿಲ್ಲದೆ ಸತ್ತವು. ಇದನ್ನ ಬರೀ ಯುದ್ಧ ಅನ್ನೋಕೆ ನನಗೆ ಮನಸ್ಸು ಬರಲ್ಲ, ಇದು ನರಮೇಧ. ಮರಳು ದಾಟಿ ಬದುಕಿದವರು ಈಗಿನ ಬೋಟ್ಸ್ವಾನ ಸೇರಿದರು. ಅಲ್ಲಿ ದಶಕಗಳ ಕಾಲ ಶಾಲೆಯಲ್ಲಿ ಸೆಟ್ಸ್ವಾನ, ಇಂಗ್ಲಿಷ್ ಮಾತ್ರ. ಒಚಿಹೆರೆರೊ ಉಳಿದದ್ದು ಮನೆಗಳಲ್ಲಿ, ದನದ ಹಟ್ಟಿಗಳಲ್ಲಿ.

ಯಾರಾದ್ರೂ ಎದುರಾದ್ರೆ ಮೊದಲು 'ಮೊರೊ' ಅನ್ನಿ, ನಮಸ್ಕಾರ ಅಂದ ಹಾಗೆ. ಆಮೇಲೆ 'ಪೆರಿವಿ?', ಹೇಗಿದ್ದೀರಿ ಅಂತ. 'ನವಾ', ಚೆನ್ನಾಗಿದ್ದೀನಿ ಅನ್ನೋ ಉತ್ತರ ಬಂದ ಮೇಲೇ ದಾರಿ ಕೇಳಿ. ಕುಶಲ ವಿಚಾರಿಸದೆ ನೇರವಾಗಿ ಕೆಲಸದ ಮಾತಿಗಿಳಿದ್ರೆ ಒರಟಾಗಿ ಕಾಣುತ್ತೆ. ಕಿವಿ ಪಳಗೋಕೆ ನಮೀಬಿಯಾದ ಒಚಿಹೆರೆರೊ ರೇಡಿಯೊ ಒಮುರಾರಿ ಎಫ್‌ಎಂ ಹಾಕ್ಕೊಳ್ಳಿ. ಶುರುವಲ್ಲಿ ಅರ್ಥದ ಗೊಡವೆ ಬೇಡ, ಒಮು, ಒವ, ಒಚಿ, ಒಝೊ ಎಲ್ಲೆಲ್ಲಿ ಬರುತ್ತೆ ಅಂತ ಗುರುತಿಸ್ತಾ ಹೋಗಿ.