ಬೀಗ ಯಾವುದಕ್ಕೆ?

ಕೇಳುಗರಿಗೆ ನಮಸ್ಕಾರ. ಆಪರೇಟಿಂಗ್ ಸಿಸ್ಟಮ್ ಓದುತ್ತಿರುವ, ಈಗಷ್ಟೇ ಅದರ ತಿರುಳಾದ ಕರ್ನಲ್‌ನ ಕೋಡ್‌ಗೆ ಕೈಹಾಕಿರುವ ಹುಡುಗ ಹುಡುಗಿಯರಿಗಾಗಿ ಈ ಮಾತು. ಹೇಳುವುದು ಒಂದೇ: ಬೀಗ, ಅಂದರೆ ಲಾಕ್, ಡೇಟಾಗೆ, ಕೋಡ್‌ಗಲ್ಲ.

ಮೆಮೊರಿಯಲ್ಲಿ ಒಂದು ಎಣಿಕೆ ಇದೆ, ಈಗ 5. ಅದಕ್ಕೆ ಒಂದು ಕೂಡಿಸುವುದು ನೀವು ಬರೆದಾಗ ಒಂದೇ ಸಾಲು. ಪ್ರೊಸೆಸರ್‌ಗೆ ಮೂರು ಕೆಲಸ: ಓದು, ಕೂಡಿಸು, ಬರೆ. ಎರಡು ಪ್ರೊಸೆಸರ್‌ಗಳು ಒಟ್ಟಿಗೆ 5 ಎಂದು ಓದಿಕೊಂಡರೆ ಎರಡೂ 6 ಎಂದೇ ಬರೆಯುತ್ತವೆ. 7 ಆಗಬೇಕಿತ್ತು. ಅದು ಒಂದು ಫೈಲನ್ನು ಎಷ್ಟು ಮಂದಿ ಹಿಡಿದಿದ್ದಾರೆ ಎಂಬ ಲೆಕ್ಕವಾಗಿದ್ದರೆ, ಇನ್ನೂ ಬಳಕೆಯಲ್ಲಿರುವ ಮೆಮೊರಿಯನ್ನೇ ಕರ್ನಲ್ ಬಿಟ್ಟುಕೊಡುತ್ತದೆ. ಹೀಗಾಗದಂತೆ ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವುದು ಬೀಗದ ಕೆಲಸ.

ಲಿನಕ್ಸ್ ಎಂಬ ಕರ್ನಲ್‌ನ ಕಥೆಯನ್ನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ, ಇಲ್ಲೂ ಬಿಡಲಾರೆ. 1996ರಲ್ಲಿ ಬಂದ 2.0 ಆವೃತ್ತಿ ಹಲವು ಪ್ರೊಸೆಸರ್‌ಗಳಿಗೆ ಬಾಗಿಲು ತೆರೆಯಿತು. ಆದರೆ ಇಡೀ ಕರ್ನಲ್‌ಗೆ ಒಂದೇ ಬೀಗ, ಬಿಗ್ ಕರ್ನಲ್ ಲಾಕ್. ವಠಾರಕ್ಕೆಲ್ಲ ಒಂದೇ ಕೀಲಿಕೈ ಇದ್ದ ಹಾಗೆ: ಒಬ್ಬರು ನೀರಿಗೆ ಹೋದರೆ ಇನ್ನೊಬ್ಬರ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಬರಬರುತ್ತಾ ಭಾಗ ಭಾಗಕ್ಕೂ ಬೇರೆ ಬೀಗ ಬಂತು, ಆದರೂ ಹಳೆಯದು ಮೂಲೆ ಮೂಲೆಯಲ್ಲಿ ಉಳಿಯಿತು. ಅದನ್ನು ಹಿಡಿದವನು ನಿದ್ದೆಗೆ ಜಾರಿದರೆ, ಅಂದರೆ ಯಾವುದಕ್ಕೋ ಕಾಯುತ್ತಾ ಪ್ರೊಸೆಸರ್ ಬಿಟ್ಟುಕೊಟ್ಟರೆ, ಕರ್ನಲ್ ಸದ್ದಿಲ್ಲದೆ ಬೀಗ ಬಿಡಿಸಿ, ಎಚ್ಚರವಾದ ಮೇಲೆ ಮತ್ತೆ ಹಿಡಿಸುತ್ತಿತ್ತು. ನಡುವೆ ಯಾರು ಏನು ಮುಟ್ಟಿದರೋ! ಅದನ್ನು ಕಿತ್ತುಹಾಕಲು ಹೊರಟವರಿಗೆ ಎದುರಾದ ಪ್ರಶ್ನೆ ಇದೇ: ಈ ಜಾಗದಲ್ಲಿ ಇದು ಕಾಯುತ್ತಿರುವುದು ಯಾವ ಡೇಟಾವನ್ನು? ಎಲ್ಲೂ ಬರೆದಿರಲಿಲ್ಲ. ಬೀಗ ಕೋಡ್‌ಗೆ ಬಿದ್ದಿತ್ತು, ಡೇಟಾಗಲ್ಲ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನ ಭಾಗದ ಗಂಟಂತೂ ಬಿಚ್ಚಲಾಗದೆ, ಅದಕ್ಕೆಂದೇ ಇನ್ನೊಂದು ದೊಡ್ಡ ಬೀಗ ಮಾಡಿಕೊಟ್ಟರು. ಕೊನೆಗೆ 2011ರ ಮೇ ತಿಂಗಳಲ್ಲಿ, 2.6.39ರಲ್ಲಿ, ಬಿಗ್ ಕರ್ನಲ್ ಲಾಕ್ ಹೋಯಿತು. ಹದಿನೈದು ವರ್ಷ!

ಹಾಗಾಗಿ ದಯವಿಟ್ಟು, ಫಂಕ್ಷನ್‌ನ ಮೊದಲ ಸಾಲಿಗೆ ಲಾಕ್, ಕೊನೆಯ ಸಾಲಿಗೆ ಅನ್‌ಲಾಕ್ ಬರೆದು "ಈಗ ಸೇಫ್, ಸರ್" ಎನ್ನಬೇಡಿ. ಏನು ಸೇಫ್? ಅದೇ ಪಟ್ಟಿಯನ್ನು ಇನ್ನೊಂದು ಫಂಕ್ಷನ್ ಬೀಗವಿಲ್ಲದೆ ಮುಟ್ಟುತ್ತಿದೆಯಲ್ಲ!

ಸಮಯ ಮುಗಿಯುತ್ತಿದೆ, ಉಳಿದದ್ದು ಚುಟುಕಾಗಿ. ಇಂಟರಪ್ಟ್ ಒಳಗೆ, ಅಂದರೆ ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಸಾಧನದ ಕರೆಗೆ ಓಗೊಡುವಾಗ, ಮಲಗುವಂತಿಲ್ಲ; ಅಲ್ಲಿ ಸ್ಪಿನ್‌ಲಾಕ್, ಮಲಗದೆ ಸುತ್ತುತ್ತಲೇ ಕಾಯುವ ಬೀಗ. ಮಲಗಬೇಕಾಗಿ ಬಂದರೆ ಮ್ಯೂಟೆಕ್ಸ್, ಮಲಗಿ ಕಾಯಬಹುದಾದ ಬೀಗ. ಎರಡು ಬೀಗ ಬೇಕಿದ್ದರೆ ಎಲ್ಲರೂ ಒಂದೇ ಕ್ರಮದಲ್ಲಿ ಹಿಡಿಯಿರಿ, ಇಲ್ಲದಿದ್ದರೆ ಒಬ್ಬರಿಗೊಬ್ಬರು ಕಾಯುತ್ತಾ ನಿಂತುಬಿಡಬಹುದು. ಕ್ರಮ ತಪ್ಪಿದರೆ ಹಿಡಿದುಕೊಡಲು ಲಿನಕ್ಸ್‌ನಲ್ಲೇ ಲಾಕ್‌ಡೆಪ್ ಎಂಬ ಪರೀಕ್ಷಕ ಇದೆ, ಅಭ್ಯಾಸದ ಕರ್ನಲ್‌ನಲ್ಲಿ ಅದನ್ನು ಆನ್ ಮಾಡಿಡಿ. ಈ ರಾತ್ರಿಯೇ ನಿಮ್ಮ ಕೋಡ್ ತೆರೆದು, ಪ್ರತಿ ಬೀಗದ ಮೇಲೂ ಅದು ಕಾಯುವ ಡೇಟಾದ ಹೆಸರನ್ನು ಕಾಮೆಂಟಾಗಿ ಬರೆಯಿರಿ. ಹೆಸರು ಹೊಳೆಯದ ಬೀಗದಿಂದಲೇ ಹುಡುಕಾಟ ಶುರುಮಾಡಿ. ನಮಸ್ಕಾರ.